‘ಇಲ್ಲ’ ಎಂಬ ದಾಖಲೆಯ ಬೆನ್ನುಹತ್ತಿ

1970ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್‌ನ ನಿಯತಕಾಲಿಕದಲ್ಲಿ ಎರಡು ಪ್ರಬಂಧಗಳು ಅಚ್ಚಾದವು. ಒಂದು ಮ್ಯಾನ್‌ಪಾ ಮತ್ತು ಬರ್ನ್‌ಫೀಲ್ಡ್ ಬರೆದದ್ದು. ಹುಂಜದ ಯಕೃತ್ತಿನಲ್ಲಿ ಸೀರಿನ್ ಎಂಬ ಅಮೈನೋ ಆಮ್ಲವನ್ನು ಹೊತ್ತ ಒಂದು ಟಿಆರ್‌ಎನ್‌ಎ (ಅಮೈನೋ ಆಮ್ಲವನ್ನು ಪ್ರೋಟೀನ್ ಕಟ್ಟುವಲ್ಲಿಗೆ ತಲುಪಿಸುವ ಅಣು) ಅವರಿಗೆ ಸಿಕ್ಕಿತ್ತು. ಆ ಸೀರಿನ್ ಟಿಆರ್‌ಎನ್‌ಎ ಮೇಲೆ ಕೂತಿರುವಾಗಲೇ ಯಾವುದೋ ಕಿಣ್ವ ಅದಕ್ಕೆ ಫಾಸ್ಫೇಟ್ ಅಂಟಿಸುತ್ತಿತ್ತು. ಇನ್ನೊಂದು ಹ್ಯಾಟ್‌ಫೀಲ್ಡ್ ಮತ್ತು ಪೋರ್ಚುಗಲ್ ಬರೆದದ್ದು. ಹಸು ಮುಂತಾದ ಸಸ್ತನಿಗಳ ಯಕೃತ್ತಿನಲ್ಲಿ ಅವರು ಕಂಡ, ಸೀರಿನ್ನನ್ನೇ ಹೊತ್ತ ಒಂದು ಟಿಆರ್‌ಎನ್‌ಎ ‘ಯುಜಿಎ’ ಎಂಬ ಮೂರಕ್ಷರದ ಸಂಕೇತಕ್ಕೆ ಓಗೊಡುತ್ತಿತ್ತು.

ಯುಜಿಎ ಎಂದರೆ ಪ್ರೋಟೀನ್ ಕಟ್ಟುವ ಕೆಲಸ ಇಲ್ಲಿಗೆ ಮುಗಿಯಿತು ಎಂಬ ಸೂಚನೆ. ಹಾಗೆಂದು ತೀರ್ಮಾನವಾಗಿ ಆಗ ಮೂರೇ ವರ್ಷ ಕಳೆದಿತ್ತು. ಯಾವ ಅಮೈನೋ ಆಮ್ಲಕ್ಕೂ ಸೇರದ ಸಂಕೇತವನ್ನು ಅಮೈನೋ ಆಮ್ಲ ಹೊತ್ತ ಟಿಆರ್‌ಎನ್‌ಎ ಏಕೆ ಗುರುತಿಸಬೇಕು? ಸೀರಿನ್‌ಗೆ ಫಾಸ್ಫೇಟ್ ಏಕೆ ಬೇಕು? ಎರಡೂ ಪ್ರಬಂಧಗಳು ಕೈಯಲ್ಲಿ ಹಿಡಿದಿದ್ದದ್ದು ಒಂದೇ ಅಣುವನ್ನು. ಅದು ಗೊತ್ತಾಗಿ, ಎರಡು ಪ್ರಶ್ನೆಗಳಿಗೂ ಒಂದೇ ಉತ್ತರ ಸಿಗಲು 36 ವರ್ಷ ಹಿಡಿಯಿತು. ಉತ್ತರದ ದೊಡ್ಡ ಪಾಲು ಬಂದದ್ದು ಹುಂಜದಿಂದಲೂ ಅಲ್ಲ, ಹಸುವಿನಿಂದಲೂ ಅಲ್ಲ. ಪೆಸಿಫಿಕ್ ಸಾಗರದ ತಳದ ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ, ಕೋಶಕೇಂದ್ರವೇ ಇಲ್ಲದ ಒಂದು ಸೂಕ್ಷ್ಮಜೀವಿಯಿಂದ.

ಈ ಪ್ರಬಂಧಗಳಿಗೆ ನಾನು ಬಂದದ್ದು ಹಿಮ್ಮುಖವಾಗಿ. ನನ್ನ ಪ್ರಶ್ನೆ ಬೇರೆಯದಿತ್ತು: ಸೆಲೆನೋಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನು ಬಳಸುವ ವಿದ್ಯೆ ನಮಗೆ, ಅಂದರೆ ಕೋಶಕೇಂದ್ರವಿರುವ ಯೂಕ್ಯಾರಿಯೋಟ್‌ಗಳಿಗೆ, ಎಲ್ಲಿಂದ ಬಂತು? ಇತ್ತೀಚಿನ ಒಂದು ಪ್ರಬಂಧ ಹಿಡಿದು ಅದು ಹೆಸರಿಸಿದ ಹಳೆಯದಕ್ಕೆ, ಅಲ್ಲಿಂದ ಇನ್ನೂ ಹಳೆಯದಕ್ಕೆ ಇಳಿಯುತ್ತಾ ಹೋದೆ. ಹೋದಂತೆಲ್ಲ ಒಂದು ವಿಷಯ ಮನಸ್ಸಿಗೆ ನಾಟಿತು. ಈ ಕಥೆಯ ತಿರುವುಗಳೆಲ್ಲ ‘ಇದೆ’ ಎಂದು ಬರೆದಿಟ್ಟ ಕಡೆಗಿಂತ ‘ಇಲ್ಲ’ ಎಂದು ಬರೆದಿಟ್ಟ ಕಡೆಗಳಲ್ಲೇ ಅಡಗಿವೆ.

ಇಪ್ಪತ್ತೊಂದನೆಯದು

ಪ್ರೋಟೀನುಗಳನ್ನು ಕಟ್ಟುವ ಅಮೈನೋ ಆಮ್ಲಗಳು ಇಪ್ಪತ್ತು ಎಂದು ನಾವೆಲ್ಲ ಓದಿದ್ದೇವೆ. ಸೆಲೆನೋಸಿಸ್ಟೀನ್ ಇಪ್ಪತ್ತೊಂದನೆಯದು. ಸಿಸ್ಟೀನ್‌ನಲ್ಲಿ ಗಂಧಕವಿರುವ ಜಾಗದಲ್ಲಿ ಇದರಲ್ಲಿ ಸೆಲೆನಿಯಂ ಇದೆ. ಉಳಿದ ಅಣುರಚನೆಯೆಲ್ಲ ಒಂದೇ. ಸೆಲೆನಿಯಂ ಧಾತುವನ್ನು 1817ರಲ್ಲೇ ಸ್ವೀಡನ್ನಿನ ಬರ್ಜೀಲಿಯಸ್ ಗುರುತಿಸಿದ್ದರು. ಬಹುಕಾಲ ಅದು ವಿಷವೆಂದೇ ಹೆಸರಾಗಿತ್ತು. 1954ರಲ್ಲಿ ಜೇನ್ ಪಿನ್ಸೆಂಟ್, ಕೆಲವು ಬ್ಯಾಕ್ಟೀರಿಯಾಗಳಲ್ಲಿ ಫಾರ್ಮೇಟ್ ಡಿಹೈಡ್ರೋಜಿನೇಸ್ ಕಿಣ್ವ ತಯಾರಾಗಲು ಸೆಲೆನಿಯಂ ಬೇಕೇ ಬೇಕು ಎಂದು ತೋರಿಸಿದರು. 1957ರಲ್ಲಿ ಶ್ವಾರ್ಟ್ಸ್ ಮತ್ತು ಫೋಲ್ಟ್ಸ್, ಇಲಿಗಳ ಯಕೃತ್ತು ಹಾಳಾಗದಂತೆ ಸೆಲೆನಿಯಂ ಕಾಪಾಡುತ್ತದೆ ಎಂದು ಕಂಡರು. ಪ್ರೋಟೀನಿನೊಳಗೆ ಅದು ಯಾವ ರೂಪದಲ್ಲಿದೆ ಎಂಬುದು ಸ್ಪಷ್ಟವಾದದ್ದು 1976ರಲ್ಲಿ, ಅಮೆರಿಕದ ಬೆಥೆಸ್ಡಾದಲ್ಲಿ ಥ್ರೆಸಾ ಸ್ಟಾಟ್‌ಮನ್ ಅವರ ಪ್ರಯೋಗಾಲಯದಲ್ಲಿ.

ಗಂಧಕ ಹೇರಳವಾಗಿರುವಾಗ ವಿರಳವಾದ ಸೆಲೆನಿಯಂ ಏಕೆ? ಜೀವಕೋಶದೊಳಗಿನ ಸಾಮಾನ್ಯ ಸ್ಥಿತಿಯಲ್ಲಿ ಸಿಸ್ಟೀನಿನ ಗಂಧಕ ಬಹುಪಾಲು ತನ್ನ ಹೈಡ್ರೋಜನ್ ಅಯಾನನ್ನು ಬಿಡದೆ ಹಿಡಿದಿರುತ್ತದೆ. ಸೆಲೆನೋಸಿಸ್ಟೀನ್ ಅದನ್ನು ಆಗಲೇ ಕಳಚಿಕೊಂಡು ಕ್ರಿಯೆಗೆ ಸಿದ್ಧವಾಗಿರುತ್ತದೆ. ಮೊದಲನೆಯದರ ಪಿಕೆಎ (ಹೈಡ್ರೋಜನ್ ಅಯಾನನ್ನು ಎಷ್ಟು ಸುಲಭವಾಗಿ ಬಿಡುತ್ತದೆ ಎಂಬುದರ ಅಳತೆ; ಕಡಿಮೆಯಿದ್ದಷ್ಟೂ ಸುಲಭ) ಸುಮಾರು 8.3, ಎರಡನೆಯದರದ್ದು ಸುಮಾರು 5.2. ಅದಕ್ಕೇ ಪೆರಾಕ್ಸೈಡುಗಳನ್ನು ಅಡಗಿಸುವ, ಎಲೆಕ್ಟ್ರಾನುಗಳನ್ನು ದಾಟಿಸುವ ಕಿಣ್ವಗಳ ಕೇಂದ್ರಸ್ಥಾನದಲ್ಲಿ ಇದು ಸಿಗುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಮುಗೇಶ್ ಮತ್ತು ಸಂಗಡಿಗರು ಇಂಥ ಕಿಣ್ವಗಳ ಕೆಲಸವನ್ನು ಅನುಕರಿಸುವ ಸಣ್ಣ ಸೆಲೆನಿಯಂ ಸಂಯುಕ್ತಗಳನ್ನು ತಯಾರಿಸಿ, ಸೆಲೆನಿಯಂನ ಈ ಗುಣವನ್ನೇ ಬಹುಕಾಲದಿಂದ ಅಭ್ಯಾಸ ಮಾಡುತ್ತಿದ್ದಾರೆ.

ಸೆಲೆನೋಸಿಸ್ಟೀನ್‌ಗೆ ಸಂಕೇತ ಯಾವುದು ಎಂಬುದು 1986ರಲ್ಲಿ ಎರಡು ಕಡೆಯಿಂದ ಬಯಲಾಯಿತು. ಇಲಿಯ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಜೀನನ್ನು ಓದಿದವರಿಗೂ, ಇ. ಕೋಲೈ ಬ್ಯಾಕ್ಟೀರಿಯಾದ ಫಾರ್ಮೇಟ್ ಡಿಹೈಡ್ರೋಜಿನೇಸ್ ಜೀನನ್ನು ಓದಿದವರಿಗೂ ಆ ಜಾಗದಲ್ಲಿ ಕಂಡದ್ದು ಯುಜಿಎ. ನಿಲ್ಲು ಎನ್ನಬೇಕಾದ ಸಂಕೇತವೇ ಇಲ್ಲಿ ‘ಸೆಲೆನೋಸಿಸ್ಟೀನ್ ಹಾಕಿ ಮುಂದೆ ಹೋಗು’ ಎನ್ನುತ್ತಿತ್ತು. ಯಾವ ಯುಜಿಎಯನ್ನು ಹೇಗೆ ಓದಬೇಕೆಂದು ತಿಳಿಸಲು ಜೀನಿನ ಸಂದೇಶ ಹೊತ್ತ ಅದೇ ಎಂಆರ್‌ಎನ್‌ಎಯಲ್ಲಿ ಬೇರೊಂದು ಕಡೆ ಮಡಚಿಕೊಂಡ ಒಂದು ರಚನೆ ಇರುತ್ತದೆ. ಇಲ್ಲಿರುವ ಪೂರ್ಣವಿರಾಮವನ್ನು ಅಕ್ಷರವೆಂದು ಓದಿಕೊಳ್ಳಿ ಎಂದು ಹೇಳುವ ಅಡಿಟಿಪ್ಪಣಿಯಂತೆ ಅದು. ಅದರ ಹೆಸರು ‘ಸೆಸಿಸ್’.

ಎರಡು ದಾರಿ

ಮ್ಯೂನಿಕ್‌ನಲ್ಲಿ ಆಗುಸ್ಟ್ ಬ್ಯೋಕ್ ಅವರ ತಂಡ 1980ರ ದಶಕದ ಕೊನೆಯ ಹೊತ್ತಿಗೆ ಬ್ಯಾಕ್ಟೀರಿಯಾದ ವ್ಯವಸ್ಥೆಯನ್ನು ಬಿಡಿಸಿಟ್ಟಿತು. ಸೆಲೆನೋಸಿಸ್ಟೀನ್ ಬಿಡಿಯಾಗಿ ತಯಾರಾಗಿ ಬರುವುದಿಲ್ಲ. ಮೊದಲು ವಿಶೇಷ ಟಿಆರ್‌ಎನ್‌ಎ ಮೇಲೆ ಸೀರಿನ್ ಕೂರುತ್ತದೆ. ಆಮೇಲೆ ‘ಸೆಲ್‌ಎ’ ಎಂಬ ಒಂದೇ ಕಿಣ್ವ ಅದನ್ನು ನೇರವಾಗಿ ಸೆಲೆನೋಸಿಸ್ಟೀನ್ ಆಗಿ ಬದಲಿಸುತ್ತದೆ.

ಆರ್ಕಿಯಾಗಳಲ್ಲಿ ಹೇಗೆ? ಇವು ಬ್ಯಾಕ್ಟೀರಿಯಾದಂತೆ ಕೋಶಕೇಂದ್ರವಿಲ್ಲದವು, ಆದರೆ ವಂಶದಲ್ಲಿ ಬೇರೆ. ಮೀಥೇನ್ ತಯಾರಿಸುವ ಮೆಥನೋಕಾಕಸ್ ವ್ಯಾನೀಲಿಯೈ ಎಂಬ ಆರ್ಕಿಯಾದಲ್ಲಿ ಸೆಲೆನೋಸಿಸ್ಟೀನ್ ಇದೆಯೆಂದು ಸ್ಟಾಟ್‌ಮನ್ ಬಳಗ 1979ರಲ್ಲೇ ತೋರಿಸಿತ್ತು. ಆರ್ಕಿಯಾಗಳನ್ನು ಬೇರೆ ಗುಂಪೆಂದು ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ಮುಂದಿಟ್ಟು ಆಗ ಎರಡೇ ವರ್ಷವಾಗಿತ್ತು. ನಿಜವಾದ ದಾಖಲೆ ಕೈಗೆ ಬಂದದ್ದು 1996ರಲ್ಲಿ, ಮೆಥನೋಕಾಕಸ್ ಜನ್ನಾಶಿಯೈ ಎಂಬ ಆರ್ಕಿಯಾದ ಇಡೀ ಜೀನೋಮ್ ಪ್ರಕಟವಾದಾಗ. ಪೂರ್ವ ಪೆಸಿಫಿಕ್ ಏಣಿನಲ್ಲಿ 2600 ಮೀಟರ್ ಆಳದ ಬಿಸಿನೀರ ಬುಗ್ಗೆಯಿಂದ ತಂದ ಜೀವಿ ಅದು. ಸುಮಾರು 85 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಹುಲುಸಾಗಿ ಬೆಳೆಯುತ್ತದೆ. ಆರ್ಕಿಯಾವೊಂದರ ಇಡೀ ಜೀನೋಮನ್ನು ಓದಿದ್ದು ಅದೇ ಮೊದಲು.

ಮರುವರ್ಷ ಬ್ಯೋಕ್ ತಂಡ ಆ ಜೀನೋಮನ್ನು ಸೋಸಿತು. ನಡುವೆ ಯುಜಿಎ ಇರುವ ಹಲವು ಜೀನುಗಳು ಸಿಕ್ಕವು. ಸೆಸಿಸ್ ರಚನೆಯೂ ಸಿಕ್ಕಿತು, ಆದರೆ ಜಾಗ ಬೇರೆ. ಬ್ಯಾಕ್ಟೀರಿಯಾದಲ್ಲಿ ಅದು ಯುಜಿಎಗೆ ಅಂಟಿಕೊಂಡೇ ಜೀನಿನ ಒಳಗಿರುತ್ತದೆ. ಇಲ್ಲಿ ಬಹುಪಾಲು ಜೀನುಗಳಲ್ಲಿ ಪ್ರೋಟೀನಿನ ಭಾಗ ಮುಗಿದ ಮೇಲಿನ ಬಾಲದಲ್ಲಿತ್ತು. ಪ್ರಾಣಿಗಳಲ್ಲೂ ಅದು ಬಾಲದಲ್ಲೇ ಇದೆ ಎಂದು 1991ರಲ್ಲಿ ಥೈರಾಯಿಡ್ ಹಾರ್ಮೋನಿಗೆ ಸಂಬಂಧಿಸಿದ ಡಿಅಯೊಡಿನೇಸ್ ಕಿಣ್ವದ ಮೇಲೆ ಕೆಲಸ ಮಾಡಿದ ಬೆರ್ರಿ ಮತ್ತು ಜೊತೆಯವರು ತೋರಿಸಿದ್ದರು. ಆರ್ಕಿಯಾ ಮತ್ತು ಪ್ರಾಣಿಗಳ ನಡುವಿನ ನಂಟಿನ ಮೊದಲ ಸುಳಿವು ನನಗೆ ಇಲ್ಲಿ ಕಂಡಿತು.

ಎರಡನೆಯ ಸುಳಿವು ಒಂದು ‘ಇಲ್ಲ’. ಬ್ಯಾಕ್ಟೀರಿಯಾದ ಸೆಲ್‌ಎ ಮಾಡುವ ಕೆಲಸಕ್ಕೆ ಆರ್ಕಿಯಾದಲ್ಲಾಗಲಿ ಯೂಕ್ಯಾರಿಯೋಟ್‌ಗಳಲ್ಲಾಗಲಿ ಸರಿಯಾದ ಹಕ್ಕುದಾರ ಸಿಗುತ್ತಿರಲಿಲ್ಲ. ಸೆಲೆನೋಸಿಸ್ಟೀನ್ ಇದೆ, ಅದನ್ನು ಹೊರುವ ಟಿಆರ್‌ಎನ್‌ಎ ಇದೆ, ತಯಾರಿಸುವ ಕಿಣ್ವ ಮಾತ್ರ ಇಲ್ಲ. ಹಾಗಾದರೆ ಇವುಗಳ ದಾರಿಯೇ ಬೇರೆಯಿರಬೇಕು.

2004ರಲ್ಲಿ ಹ್ಯಾಟ್‌ಫೀಲ್ಡ್ ಮತ್ತು ವಾದಿಮ್ ಗ್ಲಾಡಿಶೆವ್ ತಂಡಗಳು ಹುಡುಕಿದ ಬಗೆ ನನ್ನನ್ನು ಬಹಳ ಹಿಡಿದಿಟ್ಟಿತು. 1970ರ ಹುಂಜದ ಕಿಣ್ವದ ಜೀನು ಯಾವುದೆಂದು ತಿಳಿಯಲು ಅವರು ಹುಂಜದ ಬಳಿಗೆ ಹೋಗಲಿಲ್ಲ. ಸೆಲೆನೋಪ್ರೋಟೀನ್, ಅಂದರೆ ಸೆಲೆನೋಸಿಸ್ಟೀನ್ ಹೊಂದಿದ ಪ್ರೋಟೀನ್, ಇರುವ ಜೀವಿಗಳ ಜೀನೋಮ್‌ಗಳನ್ನು ಒಂದು ಕಡೆ, ಇಲ್ಲದವನ್ನು ಇನ್ನೊಂದು ಕಡೆ ಇಟ್ಟು, ಮೊದಲ ಗುಂಪಿನಲ್ಲಿದ್ದು ಎರಡನೆಯದರಲ್ಲಿ ಕಾಣೆಯಾದ ಜೀನು ಯಾವುದೆಂದು ಹೋಲಿಸಿದರು. ಸೆಲೆನೋಸಿಸ್ಟೀನ್ ಬಳಸುವ ಕೆಲವೇ ಆರ್ಕಿಯಾಗಳಲ್ಲಿದ್ದು, ಬಳಸದ ಆರ್ಕಿಯಾಗಳಲ್ಲಿ ಇಲ್ಲದ ಒಂದು ಕಿಣ್ವದ ಜೀನು ಸಿಕ್ಕಿತು. ಅದರ ಬಂಧುಗಳು ಪ್ರಾಣಿಗಳಲ್ಲಿದ್ದವು, ಯೀಸ್ಟ್‌ನಲ್ಲಿ ಇರಲಿಲ್ಲ. ಅದೇ ಪಿಎಸ್‌ಟಿಕೆ, ಟಿಆರ್‌ಎನ್‌ಎ ಮೇಲಿನ ಸೀರಿನ್‌ಗೆ ಫಾಸ್ಫೇಟ್ ಅಂಟಿಸುವ ಕಿಣ್ವ. ಯೀಸ್ಟ್‌ನಲ್ಲಿ ಇಲ್ಲ ಎಂಬುದೇ ಇಲ್ಲಿ ಸಾಕ್ಷಿಯಾಯಿತು.

ರೋಗಿಗಳ ರಕ್ತದಲ್ಲಿದ್ದ ಪುರಾವೆ

ಫಾಸ್ಫೇಟ್ ಅಂಟಿದ ಸೀರಿನ್ನನ್ನು ಸೆಲೆನೋಸಿಸ್ಟೀನ್ ಆಗಿ ಮಾಡುವವರು ಯಾರು? ಇದರ ಎಳೆ ಹಿಡಿದಾಗ ಕಡತಗಳು ನನ್ನನ್ನು ವೈದ್ಯಶಾಸ್ತ್ರದ ನಿಯತಕಾಲಿಕಗಳಿಗೆ ಕರೆದೊಯ್ದವು. ಯಕೃತ್ತಿನ ಒಂದು ತೀವ್ರ ಉರಿಯೂತದಲ್ಲಿ ರೋಗಿಯ ದೇಹವೇ ತನ್ನ ಯಕೃತ್ತಿನ ವಿರುದ್ಧ ಪ್ರತಿಕಾಯಗಳನ್ನು ಉತ್ಪಾದಿಸುತ್ತದೆ. ಅಂಥ ಕೆಲವು ರೋಗಿಗಳ ಪ್ರತಿಕಾಯಗಳು ಯುಜಿಎ ಓದುವ ಟಿಆರ್‌ಎನ್‌ಎಗೆ ಅಂಟಿಕೊಂಡ ಯಾವುದೋ ಪ್ರೋಟೀನನ್ನು ಹಿಡಿಯುತ್ತವೆ ಎಂದು 1992ರಲ್ಲಿ ಹೆಲ್ಪಿ ಮತ್ತು ಸಂಗಡಿಗರು ವರದಿ ಮಾಡಿದ್ದರು. ರೋಗಪತ್ತೆಯ ಪರೀಕ್ಷೆಗಳಲ್ಲಿ ಆ ಪ್ರೋಟೀನ್ ‘ಎಸ್‌ಎಲ್‌ಎ/ಎಲ್‌ಪಿ’ ಎಂಬ ಹೆಸರಿನಿಂದ ಬಳಕೆಯಲ್ಲಿತ್ತು. ಜೀವಕೋಶದಲ್ಲಿ ಅದರ ಕೆಲಸವೇನೆಂದು ಯಾರೂ ತೋರಿಸಿರಲಿಲ್ಲ. ಅದಕ್ಕೆ ಉತ್ತರ ಬಂದದ್ದು 2006ರಲ್ಲಿ ಯೇಲ್ ವಿಶ್ವವಿದ್ಯಾಲಯದ ಡೀಟರ್ ಸ್ಯೋಲ್ ತಂಡದಿಂದ. ಬೆನ್ನಿಗೇ ಹ್ಯಾಟ್‌ಫೀಲ್ಡ್ ಮತ್ತು ಗ್ಲಾಡಿಶೆವ್ ತಂಡದಿಂದಲೂ. ಹುಡುಕುತ್ತಿದ್ದ ಕಿಣ್ವ ಅದೇ ಆಗಿತ್ತು. ಅದಕ್ಕೆ ‘ಸೆಪ್‌ಸೆಕ್‌ಎಸ್’ ಎಂಬ ಹೊಸ ಹೆಸರು ಬಂತು.

ಸ್ಯೋಲ್ ತಂಡದ ಪ್ರಯೋಗವನ್ನು ವಿವರವಾಗಿಯೇ ಹೇಳಬೇಕು. ಅವರು ಇ. ಕೋಲೈನ ಸೆಲ್‌ಎ ಜೀನನ್ನು ತೆಗೆದುಹಾಕಿದ್ದ ತಳಿಯೊಂದನ್ನು ತೆಗೆದುಕೊಂಡರು. ಆ ಬ್ಯಾಕ್ಟೀರಿಯಾ ಸೆಲೆನೋಸಿಸ್ಟೀನ್ ತಯಾರಿಸಲಾರದು. ಅದರೊಳಗೆ ಪಿಎಸ್‌ಟಿಕೆಯನ್ನು ಹಾಕಿ, ಜೊತೆಗೆ ಒಮ್ಮೆ ಆರ್ಕಿಯಾದ ಸೆಪ್‌ಸೆಕ್‌ಎಸ್, ಇನ್ನೊಮ್ಮೆ ಮನುಷ್ಯನ ಸೆಪ್‌ಸೆಕ್‌ಎಸ್ ಕೊಟ್ಟರು. ಎರಡೂ ಸಲ ಕೆಟ್ಟಿದ್ದ ವ್ಯವಸ್ಥೆ ಮತ್ತೆ ನಡೆಯಿತು. ಸಾಗರತಳದ ಆರ್ಕಿಯಾಗಳ ವಂಶದ ಕಿಣ್ವ ಮಾಡುವ ಕೆಲಸವನ್ನು ಮನುಷ್ಯನ ಯಕೃತ್ತಿನ ಪ್ರೋಟೀನ್ ಅದೇ ಕ್ರಮದಲ್ಲಿ ಮಾಡಿತು. ಎರಡು ಹೆಜ್ಜೆಯ ಈ ದಾರಿ ಆರ್ಕಿಯಾ ಮತ್ತು ಯೂಕ್ಯಾರಿಯೋಟ್‌ಗಳ ಸಮಾನ ಆಸ್ತಿ. ಬ್ಯಾಕ್ಟೀರಿಯಾದ ಒಂದು ಹೆಜ್ಜೆಯ ದಾರಿ ಬೇರೆ. ಹುಂಜದ ಫಾಸ್ಫೇಟ್, ಹಸುವಿನ ಯುಜಿಎ, ರೋಗಿಯ ಪ್ರತಿಕಾಯ ಮೂರೂ ಒಂದೇ ವಾಕ್ಯಕ್ಕೆ ಸೇರಿದ್ದು ಆಗ.

ನಡುವೆ ಬಿಟ್ಟುಹೋದ ಕೊಂಡಿ

ಆದರೂ ಒಂದು ತೊಡಕು ಉಳಿಯಿತು. ಕಿಣ್ವಗಳು ಹೊಂದಿಕೊಂಡರೂ ಸೆಸಿಸ್ ಹೊಂದುವುದಿಲ್ಲ. ಆರ್ಕಿಯಾದ ಸೆಸಿಸ್ ಮತ್ತು ನಮ್ಮ ಸೆಸಿಸ್ ಎರಡೂ ಬಾಲದಲ್ಲೇ ಇವೆ, ಸರಿ. ಆದರೆ ಮಡಚಿಕೊಳ್ಳುವ ಆಕಾರ ಬೇರೆ, ಅಂಟಿಕೊಳ್ಳುವ ಪ್ರೋಟೀನುಗಳಿಗೆ ಬೇಕಾದ ಗುರುತುಗಳು ಬೇರೆ. ನಮ್ಮ ಸೆಸಿಸ್‌ನಲ್ಲಿ ಜಿ ಮತ್ತು ಎ ಅಕ್ಷರಗಳ ಅಸಾಮಾನ್ಯ ಜೋಡಿಗಳಿವೆ. ಎಸ್‌ಬಿಪಿ2 ಎಂಬ ಪ್ರೋಟೀನ್ ಹಿಡಿಯುವುದು ಆ ಭಾಗವನ್ನೇ. ಆರ್ಕಿಯಾಗಳಲ್ಲೂ ಸೆಲೆನೋಸಿಸ್ಟೀನ್ ಬಳಸುವವೆಂದು ಗೊತ್ತಿದ್ದವು ಬಹುಕಾಲ ಎರಡೇ ಗುಂಪು: ಮೆಥನೋಕಾಕಸ್ ಬಳಗ ಮತ್ತು ಮೆಥನೋಪೈರಸ್. ಅವು ತಯಾರಿಸುವ ಸೆಲೆನೋಪ್ರೋಟೀನುಗಳು ಬ್ಯಾಕ್ಟೀರಿಯಾದವಕ್ಕೆ ಹತ್ತಿರ, ನಮ್ಮವಕ್ಕೆ ದೂರ. ತಯಾರಿಕೆಯ ದಾರಿ ಒಂದು ಕಡೆಯ ನಂಟು ಹೇಳುತ್ತದೆ, ತಯಾರಾದ ಸರಕು ಇನ್ನೊಂದು ಕಡೆಯದು.

ಈ ತೊಡಕು ಸಡಿಲವಾದದ್ದು ಉತ್ತರ ಧ್ರುವಸಾಗರದ ಕೆಸರಿನಿಂದ. ಗ್ರೀನ್‌ಲ್ಯಾಂಡ್ ಮತ್ತು ನಾರ್ವೆ ನಡುವಿನ ಸಾಗರತಳದಲ್ಲಿ ‘ಲೋಕಿಯ ಕೋಟೆ’ ಎಂದು ಹೆಸರಿಟ್ಟ ಬಿಸಿನೀರ ಬುಗ್ಗೆಗಳಿವೆ. ಅಲ್ಲಿಂದ ಸುಮಾರು 15 ಕಿ.ಮೀ. ದೂರದಲ್ಲಿ, 3283 ಮೀಟರ್ ಆಳದಿಂದ ಎತ್ತಿದ ಕೆಸರಿನ ಡಿಎನ್‌ಎಯನ್ನು ಜೋಡಿಸಿ, ಸ್ವೀಡನ್ನಿನ ಉಪ್ಸಲಾದಲ್ಲಿ ಥೈಸ್ ಎಟ್ಟೆಮ ತಂಡ 2015ರಲ್ಲಿ ಲೋಕಿಯಾರ್ಕಿಯೋಟ ಎಂಬ ಹೊಸ ಆರ್ಕಿಯಾ ಗುಂಪನ್ನು ಪ್ರಕಟಿಸಿತು. ಅದುವರೆಗೆ ಕಂಡಿದ್ದ ಆರ್ಕಿಯಾಗಳಲ್ಲಿ ಯೂಕ್ಯಾರಿಯೋಟ್‌ಗಳಿಗೆ ಅತಿ ಹತ್ತಿರದ ನಂಟರು ಇವು. 2016ರಲ್ಲಿ ಮಾರ್ಕೊ ಮಾರಿಯೊಟ್ಟಿ, ರೊಡೆರಿಕ್ ಗಿಗೊ, ಗ್ಲಾಡಿಶೆವ್ ಮತ್ತು ಜೊತೆಗಾರರು ಅದೇ ಜೀನೋಮನ್ನು ಸೆಲೆನೋಸಿಸ್ಟೀನಿಗಾಗಿ ಜಾಲಾಡಿದರು. ಐದು ಪ್ರೋಟೀನ್ ಕುಟುಂಬಗಳಲ್ಲಿ ಅದು ಸಿಕ್ಕಿತು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸೆಲೆನೋಸಿಸ್ಟೀನ್‌ಗಳಿದ್ದವು. ಆ ಜೀನುಗಳ ಸೆಸಿಸ್ ನಮ್ಮ ಸೆಸಿಸ್ ಅನ್ನೇ ಗಾಢವಾಗಿ ಹೋಲುತ್ತಿತ್ತು, ಪ್ರೋಟೀನ್ ಅಂಟುವ ಮುಖ್ಯ ಗುರುತುಗಳ ಸಮೇತ. ಜೊತೆಗೆ, ಹಳೆಯ ಮೀಥೇನ್ ಆರ್ಕಿಯಾಗಳ ವಿಎಚ್‌ಯುಡಿ ಎಂಬ ಒಂದು ಜೀನಿನ ಸೆಸಿಸ್‌ಗೂ ಅದಕ್ಕೂ ಹೋಲಿಕೆ ಇತ್ತು. ಆರ್ಕಿಯಾದ ಒಂದು ಸೆಸಿಸ್, ಅದರಿಂದ ಲೋಕಿಯದು, ಅದರಿಂದ ನಮ್ಮದು ಎಂಬ ವಂಶಕ್ರಮ ಹೀಗೆ ರೂಪುಗೊಂಡಿತು.

ಇಲ್ಲಿ ನಾನು ತಡೆದು ಯೋಚಿಸಿದೆ. ಆ ಜೀನೋಮ್ ಜೀವಂತ ಜೀವಿಯಿಂದ ಬಂದದ್ದಲ್ಲ, ಕೆಸರಿನಲ್ಲಿ ಬೆರೆತ ಡಿಎನ್‌ಎ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿದ್ದು. ಯೂಕ್ಯಾರಿಯೋಟ್ ತುಣುಕುಗಳು ನುಸುಳಿರಬಹುದೆಂಬ ಆಕ್ಷೇಪವನ್ನು ಕೆಲವು ವಿಜ್ಞಾನಿಗಳು ಎತ್ತಿದ್ದರು. ಆದರೆ ನುಸುಳಿದ ತುಣುಕಾಗಿದ್ದರೆ ಅದು ಪೂರ್ತಿ ನಮ್ಮಂತೆಯೇ ಇರಬೇಕಿತ್ತು. ಲೋಕಿಯ ಸೆಸಿಸ್ ಎರಡೂ ಕಡೆಯನ್ನು ಹೋಲುತ್ತದೆ. ಈ ನಡುಗುಣವೇ ನನ್ನ ಅನುಮಾನವನ್ನು ಬಹುಮಟ್ಟಿಗೆ ಕರಗಿಸಿತು. ಮುಂದೆ 2020ರಲ್ಲಿ ಹಿರೊಯುಕಿ ಇಮಾಚಿ ಮತ್ತು ಜಪಾನಿನ ಸಂಗಡಿಗರು, ಹನ್ನೆರಡು ವರ್ಷದ ಪ್ರಯತ್ನದ ಬಳಿಕ, ಈ ಬಳಗದ ಒಂದು ಆರ್ಕಿಯಾವನ್ನು ಪ್ರಯೋಗಾಲಯದಲ್ಲೇ ಬೆಳೆಸಿ ಜೀನೋಮ್ ಓದಿದರು. ಯೂಕ್ಯಾರಿಯೋಟ್‌ಗಳಿಗೆ ವಿಶಿಷ್ಟವೆಂದು ತಿಳಿದಿದ್ದ ಅನೇಕ ಜೀನುಗಳು ಈ ಬಳಗದಲ್ಲಿ ನಿಜಕ್ಕೂ ಇವೆ ಎಂದು ಜೀವಂತ ಜೀವಿಯೇ ತೋರಿಸಿಕೊಟ್ಟಿತು.

ಕಳೆದುಕೊಂಡವರ ಪಟ್ಟಿ

ವಿದ್ಯೆ ಬಂದ ದಾರಿ ಸಿಕ್ಕಿತು. ಅದು ಎಲ್ಲರಲ್ಲೂ ಏಕೆ ಉಳಿದಿಲ್ಲ? 2003ರಲ್ಲಿ ಪ್ರಕಟವಾದ ಪಟ್ಟಿಯ ಪ್ರಕಾರ ಮನುಷ್ಯನಲ್ಲಿ 25 ಸೆಲೆನೋಪ್ರೋಟೀನ್ ಜೀನುಗಳಿವೆ. ಔರಿಯೋಕಾಕಸ್ ಎಂಬ ಸಮುದ್ರದ ಪಾಚಿಯಲ್ಲಿ 59. ಸೀ. ಎಲಿಗನ್ಸ್ ಎಂಬ ಪುಟ್ಟ ದುಂಡುಹುಳದಲ್ಲಿ ಒಂದೇ ಒಂದು. ಆ ಒಂದು ಪ್ರೋಟೀನಿಗಾಗಿ ಅದು ಟಿಆರ್‌ಎನ್‌ಎ, ಕಿಣ್ವ, ಸೆಸಿಸ್ ಎಲ್ಲವನ್ನೂ ಸಾಕಿಕೊಂಡಿದೆ. ಕ್ಲಮಿಡೊಮೊನಾಸ್ ಎಂಬ ಹಸಿರು ಪಾಚಿಯಲ್ಲಿ ಸೆಲೆನೋಪ್ರೋಟೀನ್‌ಗಳಿವೆ, ನೆಲದ ಗಿಡಮರಗಳಲ್ಲಿ ಇಲ್ಲ.

ಹಣ್ಣುನೊಣಗಳ ದಾಖಲೆ ಎಲ್ಲಕ್ಕಿಂತ ಸ್ಪಷ್ಟ. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾದ ಡ್ರೊಸೊಫಿಲ ಮೆಲನೊಗ್ಯಾಸ್ಟರ್‌ನಲ್ಲಿ ಮೂರು ಸೆಲೆನೋಪ್ರೋಟೀನ್‌ಗಳಿವೆ. 2007ರಲ್ಲಿ ಹನ್ನೆರಡು ಡ್ರೊಸೊಫಿಲ ಪ್ರಭೇದಗಳ ಜೀನೋಮ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಡ್ರೊಸೊಫಿಲ ವಿಲಿಸ್ಟೊನಿಯಲ್ಲಿ ಒಂದೂ ಇರಲಿಲ್ಲ. ಒಂದೋ ಜೀನೇ ಹೋಗಿತ್ತು, ಇಲ್ಲವೇ ಯುಜಿಎ ಜಾಗದಲ್ಲಿ ಸಿಸ್ಟೀನಿನ ಸಂಕೇತ ಬಂದಿತ್ತು. ಮರುವರ್ಷದ ಅಧ್ಯಯನಗಳಲ್ಲಿ ಜೇನುಹುಳ, ರೇಷ್ಮೆಹುಳ, ಹಿಟ್ಟಿನ ಕೆಂಪು ಜೀರುಂಡೆಗಳೂ ಪಟ್ಟಿಗೆ ಸೇರಿದವು. ಕೀಟಗಳಲ್ಲಿ ಈ ನಷ್ಟ ಒಮ್ಮೆ ಆಗಿ ಹಂಚಿಹೋದದ್ದಲ್ಲ, ಬೇರೆಬೇರೆ ಕವಲುಗಳಲ್ಲಿ ಪ್ರತ್ಯೇಕವಾಗಿ ಆದದ್ದು.

ಏಕೆ ಇಷ್ಟು ಸಲ? ಯುಜಿಎಯ ಕೊನೆಯ ಅಕ್ಷರ ಒಂದು ಬದಲಾದರೆ ಸಾಕು, ಅದು ಯುಜಿಸಿ ಅಥವಾ ಯುಜಿಯು ಆಗಿ ಸಿಸ್ಟೀನ್ ಬರುತ್ತದೆ. ಕಿಣ್ವದ ಚುರುಕು ಕಡಿಮೆಯಾಗಬಹುದು, ಆದರೂ ಜೀವಿ ಬದುಕುತ್ತದೆ. ಮೆಥನೋಕಾಕಸ್ ವೋಲ್ಟೆ ಎಂಬ ಆರ್ಕಿಯಾ ಹೈಡ್ರೋಜಿನೇಸ್ ಕಿಣ್ವದ ಎರಡೂ ಬಗೆಗಳನ್ನು ಇಟ್ಟುಕೊಂಡಿದೆ. ಸೆಲೆನಿಯಂ ಸಿಗದಿದ್ದಾಗ ಸಿಸ್ಟೀನಿನ ಬಗೆಯನ್ನು ಉತ್ಪಾದಿಸುತ್ತದೆ. ನಮ್ಮಲ್ಲಿರುವ ಜಿಪಿಎಕ್ಸ್6 ಎಂಬ ಪ್ರೋಟೀನಿನಲ್ಲಿ ಸೆಲೆನೋಸಿಸ್ಟೀನ್ ಇದೆ, ಇಲಿಯದರಲ್ಲಿ ಸಿಸ್ಟೀನ್. ಹೋಗುವ ದಾರಿಗೆ ಒಂದಕ್ಷರ ಸಾಕು. ಕೊನೆಯ ಸೆಲೆನೋಪ್ರೋಟೀನೂ ಹೋದ ಮೇಲೆ ಇಡೀ ವ್ಯವಸ್ಥೆಗೆ ಕೆಲಸವಿಲ್ಲ, ಅದೂ ಅಳಿಯುತ್ತದೆ. ಮರಳಬೇಕೆಂದರೆ ಟಿಆರ್‌ಎನ್‌ಎ, ಎರಡು ಕಿಣ್ವ, ಸೆಸಿಸ್, ಅದನ್ನು ಹಿಡಿಯುವ ಪ್ರೋಟೀನ್ ಎಲ್ಲವೂ ಒಟ್ಟಿಗೆ ಬೇಕು. ಹೀಗಾಗಿ ಯೂಕ್ಯಾರಿಯೋಟ್‌ಗಳ ಮಟ್ಟಿಗೆ ಸೆಲೆನೋಸಿಸ್ಟೀನಿನ ಕಥೆ ಒಮ್ಮೆ ಪಡೆದು ಹಲವು ಸಲ ಕಳೆದುಕೊಂಡವರ ಕಥೆ.

ಅಣಬೆಗಳ ಸಾಲು

ಯಾವ ಜೀವಿಗುಂಪಿನಲ್ಲಿ ಸೆಲೆನೋಸಿಸ್ಟೀನ್ ಇದೆ, ಯಾವುದರಲ್ಲಿ ಇಲ್ಲ ಎಂದು ಓದುತ್ತಾ ಗುರುತಿಟ್ಟುಕೊಂಡಿದ್ದ ನನ್ನ ಕೋಷ್ಟಕ ಇಲ್ಲಿಗೆ ಬಹುಪಾಲು ತುಂಬಿತ್ತು. ಶಿಲೀಂಧ್ರಗಳ ಸಾಲಿನಲ್ಲಿ ಪ್ರಬಂಧದಿಂದ ಪ್ರಬಂಧಕ್ಕೆ ಒಂದೇ ಮಾತು: ಇಲ್ಲ. ಪಿಎಸ್‌ಟಿಕೆ ಹುಡುಕಾಟದಲ್ಲಿ ಯೀಸ್ಟ್‌ನ ‘ಇಲ್ಲ’ ನೆರವಿಗೆ ಬಂದಿತ್ತು ಕೂಡ. ಆದರೆ 2019ರಲ್ಲಿ ಮಾರಿಯೊಟ್ಟಿ, ಗ್ಲಾಡಿಶೆವ್ ಮತ್ತು ಸಂಗಡಿಗರು, ಶಿಲೀಂಧ್ರಗಳ ವಂಶವೃಕ್ಷದ ಬುಡದಲ್ಲೇ ಕವಲೊಡೆದ ಗುಂಪುಗಳ ಜೀನೋಮ್‌ಗಳನ್ನು ಜಾಲಾಡಿ, ಒಂಬತ್ತು ಪ್ರಭೇದಗಳಲ್ಲಿ ಸೆಲೆನೋಪ್ರೋಟೀನುಗಳನ್ನೂ ಅವನ್ನು ತಯಾರಿಸುವ ವ್ಯವಸ್ಥೆಯನ್ನೂ ತೋರಿಸಿದರು. ಬಹುಪಾಲು ಜೀನುಗಳಲ್ಲಿ ಮಾಮೂಲಿ ಸೆಸಿಸ್ ಇರಲಿಲ್ಲ, ಬೇರೆ ಬಗೆಯ ಮಡಿಕೆಗಳಿದ್ದವು. ಸೆಸಿಸ್‌ನ ಗೊತ್ತಿರುವ ಆಕಾರವನ್ನಷ್ಟೇ ಹುಡುಕುವ ಪ್ರೋಗ್ರಾಮಿಗೆ ಇವು ಸಿಗುವುದು ಕಷ್ಟ. ಅದಕ್ಕೂ ಮೊದಲಿನ ತೊಡಕು ಇನ್ನೊಂದಿದೆ: ಜೀನುಗಳನ್ನು ಗುರುತಿಸುವ ಸಾಮಾನ್ಯ ಪ್ರೋಗ್ರಾಮುಗಳು ಯುಜಿಎ ಕಂಡಲ್ಲಿ ಜೀನು ಮುಗಿಯಿತೆಂದೇ ಬರೆಯುತ್ತವೆ.

ಯೀಸ್ಟ್‌ನ ‘ಇಲ್ಲ’ ಇಂದಿಗೂ ನಿಜವೇ. ಆದರೆ ಯೀಸ್ಟ್ ಮತ್ತು ಅದರ ಸಮೀಪದ ಬಂಧುಗಳಿಂದ ಇಡೀ ಶಿಲೀಂಧ್ರ ಸಾಮ್ರಾಜ್ಯಕ್ಕೆ ಹಿಗ್ಗಿಸಿದ್ದ ‘ಇಲ್ಲ’ ನಿಲ್ಲಲಿಲ್ಲ. ಆ ಸಾಲನ್ನು ತಿದ್ದಿದಾಗ ವಿಕಾಸದ ಕಥೆಯೂ ಬದಲಾಯಿತು. ಶಿಲೀಂಧ್ರಗಳ ಪೂರ್ವಜ ಸೆಲೆನೋಸಿಸ್ಟೀನ್ ಇಲ್ಲದೆ ಹುಟ್ಟಿದ್ದಲ್ಲ. ಆ ವಿದ್ಯೆ ಅವುಗಳಿಗೂ ಬಂದಿತ್ತು, ಆಮೇಲೆ ಒಳಗಿನ ಕವಲುಗಳಲ್ಲಿ ಕಳೆದುಹೋಯಿತು.

ಆದ್ದರಿಂದ ನನ್ನ ಕೋಷ್ಟಕದಲ್ಲಿ ಈಗ ‘ಇಲ್ಲ’ ಎಂಬುದಕ್ಕೆ ಒಂದೇ ಚಿಹ್ನೆ ಇಲ್ಲ, ಮೂರಿವೆ. ವಿಲಿಸ್ಟೊನಿ ನೊಣದಂತೆ, ಹತ್ತಿರದ ಬಂಧುಗಳಲ್ಲಿದ್ದು ಇಲ್ಲಿ ಕಳೆದುಹೋಗಿದೆ ಎಂದು ಅಕ್ಷರಶಃ ತೋರಿಸಬಹುದಾದ ‘ಇಲ್ಲ’ ಒಂದು. ಯುಜಿಎಯನ್ನು ಮುಕ್ತಾಯವೆಂದು ಓದಿದ್ದರಿಂದ ಕಾಣದೆ ಹೋದ ‘ಇಲ್ಲ’ ಇನ್ನೊಂದು. ಆ ಕವಲಿನ ಒಂದು ಜೀವಿಯನ್ನೂ ಯಾರೂ ಓದಿರದ ಕಾರಣ ಉಳಿದ ‘ಇಲ್ಲ’ ಮೂರನೆಯದು. ಮೊದಲನೆಯದು ಸಾಕ್ಷಿ. ಉಳಿದೆರಡು ಮಾಡಬೇಕಾದ ಕೆಲಸ. ಲೋಕಿಯಾರ್ಕಿಯೋಟ 2015ರವರೆಗೆ ಮೂರನೆಯ ಚಿಹ್ನೆಯಡಿ ಇತ್ತು. ಅದನ್ನು ಯಾರಾದರೂ ಮೊದಲನೆಯದರಡಿ ಬರೆದಿದ್ದರೆ, ನಮ್ಮ ಸೆಸಿಸ್‌ಗೆ ಆರ್ಕಿಯಾದಲ್ಲಿ ಪೂರ್ವಜನೇ ಇಲ್ಲವೆಂದು ಇಂದಿಗೂ ವಾದಿಸುತ್ತಿದ್ದೆವು. ಜೀನೋಮ್‌ಗಳ ಭಂಡಾರ ದಿನೇದಿನೇ ಬೆಳೆಯುತ್ತಿದೆ. ಅದರಲ್ಲಿ ಏನನ್ನಾದರೂ ‘ಇಲ್ಲ’ ಎಂದು ದಾಖಲಿಸುವವರು, ಯಾವ ಜೀವಿಗಳಲ್ಲಿ ಯಾವ ವಿಧಾನದಿಂದ ಹುಡುಕಿ ‘ಇಲ್ಲ’ ಎಂದೆವು ಎಂಬುದನ್ನೂ ಪಕ್ಕದಲ್ಲೇ ಬರೆದಿಡಬೇಕು. ಮುಂದೆ ಹುಡುಕುವವರು ಎಲ್ಲಿಂದ ಶುರುಮಾಡಬೇಕೆಂದು ತಿಳಿಯುವುದು ಆ ಟಿಪ್ಪಣಿಯಿಂದಲೇ.